ಮುಕ್ತಿನಾಥಕ್ಕ ನಡಕೋತ ಹೋದದ್ದು

ಹೊಸಾ ಬೂಟು ಹಾಕ್ಕೊಂಡು ಗುಡ್ಡ ಹತ್ತಬ್ಯಾಡ್ರಿ. ಇದೊಂದು ಮಾತು ಮೊದಲ ಹೇಳಿಬಿಡ್ತೀನಿ, ಮುಂದಿಂದು ಓದದಿದ್ರೂ ನಡೀತದ. ಬೂಟು ತಂದ ಮ್ಯಾಲ ಎರಡು ತಿಂಗಳು ಸಂತಿಗೆ, ನೀರಿಗೆ, ಗುಡಿಗೆ ಹಾಕ್ಕೊಂಡು ತಿರುಗಿ ಅದರ ಸೊಕ್ಕು ಇಳಿಸಬೇಕು. ನಾ ಹಂಗ ಮಾಡಿದೆ. ಸೀರಿ ಕೆಳಗ ಬೂಟು ನೋಡಿ ನಮ್ಮ ಓಣಿ ಹೆಣ್ಮಕ್ಕಳು, "ಏನ್ರೀ, ಪೊಲೀಸ ಭರತಿಗೆ ಹೊಂಟೀರೇನು?" ಅಂತ ನಕ್ಕರು. ನಗಲಿ. ಗುಳ್ಳಿ ಎದ್ರ ಅಳೋದು ನಾವು, ಅವರಲ್ಲ.

ನಾ ಓದಿದ್ದು ನಾಕನೇತ್ತಾ ತನಕ, ಹನ್ನೂರಿನ ಕನ್ನಡ ಸಾಲ್ಯಾಗ. ಕರಜಗಿಗೆ ಕೊಟ್ಟರು. ಕುರಿ ಮನಿತನ. ಕುರಿ ಮಾರಿದ ಮ್ಯಾಲ ಸೊಲ್ಲಾಪುರಕ್ಕ ಬಂದು ಅಕ್ಕಲಕೋಟ ರಸ್ತೆ ಎಂಐಡಿಸಿ ಒಳಗ ಒಂದು ಕಾರ್ಖಾನ್ಯಾಗ ಟಾವೆಲ್ ಮಡಚೋ ಕೆಲಸ ಮಾಡಿದೆ, ಕಣ್ಣು ಮಂಜಾಗೋ ತನಕ. ನನ್ನ ಜೋಡಿ ಮಡಚಿದ ಹೆಣ್ಮಕ್ಕಳು ಈಗ ಸಿಕ್ಕಾಗೆಲ್ಲ ಕೇಳತಾರ: ನೇಪಾಳಕ್ಕ ಹೆಂಗ ಹೋದಿ, ಏನ ಒಯ್ದಿ, ಹಾಸಿಗಿ ಹೆಂಗ, ಸಂಡಾಸ ಹೆಂಗ. ಒಬ್ಬೊಬ್ಬರಿಗೆ ಹೇಳಿ ಬಾಯಿ ಸೋತದ, ಅದಕ್ಕ ಬರಿಯಾಕತ್ತೀನಿ. ನನ್ನ ಕರಕೊಂಡು ಹೋದಾಕಿ ಮೊಮ್ಮಗಳು, ಮಗಳ ಮಗಳು. ಆಕಿ ಕನ್ನಡ ಮಾತಾಡತಾಳ, ಆದ್ರ ಕಲಿತದ್ದೆಲ್ಲ ಮರಾಠಿ, ಕನ್ನಡ ಓದಾಕ ಬರೂದಿಲ್ಲ. ಹಿಂಗಾಗಿ ಆಕಿ ಬಗ್ಗೆ ಏನ ಬರದ್ರೂ ನನಗ ಅಂಜಿಕಿ ಇಲ್ಲ.

ಆಕಿ ಸೊಲ್ಲಾಪುರದಾಗ ದವಾಖಾನಿ ನರ್ಸ. ರಜಾ ಸಿಕ್ಕರ ಸಾಕು, ಒಂದು ಟ್ರೆಕ್ಕಿಂಗ್ ಗುಂಪಿನ ಜೋಡಿ ಪುಣೆ ಕಡಿ ಗಡ-ಕೋಟಿ ಹತ್ತಾಕ ಹೋಗತಾಳ. ಒಂದಿನ ನಾ ಜ್ವಾಳದ ಭಾಕ್ರಿ ಬಡಿಯೋವಾಗ ಬಂದು ಫೋನಿನ್ಯಾಗ ಒಂದು ಗುಡ್ಡ ತೋರಿಸಿದ್ಲು. ಬೋಳು ಗುಡ್ಡ, ಒಂದು ಗಿಡ ಇಲ್ಲ, ಹಿಂದ ಬೆಳ್ಳನ ಹಿಮ. "ಮುಕ್ತಿನಾಥ ಆಯಿ. ನೇಪಾಳ. ನಮ್ಮ ಗ್ರೂಪ ಹೊಂಟದ" ಅಂದ್ಲು.

"ನಾನೂ ಬರತೀನಿ" ಅಂದೆ.

"ಬಾ, ಜೀಪ ಹೋಗತದ."

"ಜೀಪಿನ್ಯಾಗ ಕುಂತು ನೋಡೂದಾದ್ರ ಮನ್ಯಾಗ ಟಿವಿ ಐತಿ. ನಾ ನಡಕೋತ ಬರತೀನಿ."

ಆಕಿ ನಕ್ಕಳು. ನಾ ನಗಲಿಲ್ಲ. ಇಪ್ಪತ್ತು ವರ್ಷ ಕುರಿ ಹಿಂದ ನಡದೀನಿ. ದೀಪಾವಳಿ ಆದ ಮ್ಯಾಲ ಕರಜಗಿ ಬಿಟ್ಟು, ಭೀಮಾ ದಾಟಿ, ಇಂಡಿ ಕಡಿ ಹೋಗಿ, ಮಳಿಗಾಲಕ್ಕ ತಿರುಗಿ ಬರೋದು. ಅಷ್ಟು ದಾರಿಯೊಳಗ ಒಂದು ಊರೂ ನಾ ಆರಿಸಿದ್ದಲ್ಲ. ಕುರಿ ಬಾಯಿ ಎತ್ತಾಗೋ ನನ್ನ ಕಾಲು ಅತ್ತಾಗ. ಹಸರು ಎಲ್ಲಿ ಐತೋ ಅಲ್ಲಿಗೆ. ಈ ಬೋಳು ಗುಡ್ಡದಾಗ ಕುರಿಗೆ ಮೇಯಾಕ ಏನೂ ಇಲ್ಲ, ಅದಕ್ಕ ಅದು ನನಗ ಸೇರಿತು. ಮ್ಯಾಲ ಹೋದ್ರ ನನಗಾಗಿ ಹೋಗಬೇಕು, ನನ್ನ ಕಾಲಿಲೆ ಹೋಗಬೇಕು. ಇಷ್ಟ ನನ್ನ ಹಟ.

ಗುಂಪಿನ ಹಿರಿಯ ಒಬ್ಬ ರಿಟಾಯರ್ಡ ಪೀಟಿ ಮಾಸ್ತರ. ಮರಾಠಿ ಮನಷ್ಯಾ, ಮೀಸಿ, ಕೊರಳಾಗ ಸೀಟಿ. ಒಳ್ಳೇಂವ. ಆದ್ರ ಜಗತ್ತೆಲ್ಲ ಸಾಲಿ ಮೈದಾನ ಅಂತ ತಿಳಕೊಂಡಾನ. "ಆಜಿ, ಮೊದಲ ಒಂದು ಕಿಲ್ಲೆ ಹತ್ತಿ ತೋರಸರಿ" ಅಂದ. ತೋರಸ್ತೀನಿ ಅಂದೆ.

ಕಿಲ್ಲೆಕ್ಕ ಹೋದ್ವಿ. ಹತ್ತಿದೆ, ಇಳಿದೆ, ಎಲ್ಲಾರ ಜೋಡಿ ಪಿಠಲ-ಭಾಕ್ರಿ ತಿಂದೆ. ಕಾಲಿಗೆ ಏನೂ ಆಗಲಿಲ್ಲ. ಆದ್ರ ಒಂದು ತಪ್ಪು ಮಾಡಿದೆ, ಅದು ತಪ್ಪು ಅಂತ ಅವತ್ತು ನನಗ ಗೊತ್ತಾಗಲಿಲ್ಲ. ನಾ ಎಲ್ಲಾರ ಹಿಂದ ನಡದೆ.

ಕುರಿ ಮಂದಿ ನಡಿಯೋದ ಹಂಗ. ದಾರಿ ಬಲ್ಲ ಹಳೀ ಕುರಿ ಮುಂದ, ಮನಿ ಹಿರ್ಯಾರು ಎಲ್ಲಾದ್ದರ ಹಿಂದ. ಮುಳ್ಳು ತುಳಿದದ್ದು, ಕುಂಟೋದು, ಗಬ್ಬದ್ದು ಹಿಂದ ಬೀಳ್ತಾವ. ಮುಂದಿದ್ದಂವಗ ಅವು ಕಾಣೂದಿಲ್ಲ. ಹಿಂದಿದ್ದಾಕಿ ಆ ಕಡಿ ಈ ಕಡಿ ಓಡಬೇಕು, ಎತ್ತಬೇಕು, ಒಂದು ಮರಿ ಹೆಗಲಿಗೆ ಹಾಕ್ಕೋಬೇಕು. ಕಾಲು ಗಟ್ಟಿ ಇದ್ದವರಿಗಷ್ಟ ಹಿಂದಿನ ಜಾಗಾ. ನಮ್ಮತ್ತಿ ಹಿಂದ ನಡೀತಿದ್ಲು. ಆಕಿ ಕುರಿ ಹೊಡಿಯೋ ಬಡಗಿ ನನ್ನ ಕೈಗೆ ಕೊಟ್ಟ ದಿನ ನಾ ಮನಿ ಹಿರಿ ಹೆಣ್ಣಾದೆ. ಕಿಲ್ಲೆದಾಗೂ ನನ್ನ ಕಾಲು ತಾನ ಹಿಂದ ಹೋತು. ಒಬ್ಬಾಕಿ ಟೋಪಿ ಬಿಟ್ಟು ಹೋಗಿದ್ಲು, ಎತ್ತಿಕೊಟ್ಟೆ. ಒಬ್ಬಾಂವ ಚಪ್ಪಲಿ ಹರಕೊಂಡಿದ್ದ, ದಾರದಿಂದ ಕಟ್ಟಿಕೊಟ್ಟೆ. ಮಾಸ್ತರ ಮ್ಯಾಲ ನಿಂತು ತನ್ನ ವಹಿ ಒಳಗ ಬರಕೊಂಡನಂತ: ಆಜಿ ಎಲ್ಲಾರಿಗಿಂತ ಹಿಂದ.

ಅದು ನನಗ ಯಾರೂ ಹೇಳಲಿಲ್ಲ.

ಈಗ ಸಾಮಾನಿನ ಮಾತು. ಮೊದಲನೇದು, ಮತದಾನದ ಕಾರ್ಡು ಇಟಗೋರಿ. ಆಧಾರ ಒಂದರ ಮ್ಯಾಲ ಭರೋಸಾ ಬ್ಯಾಡ. ಕಡಕ್ ಭಾಕ್ರಿ, ಶೇಂಗಾ ಹಿಂಡಿ ಒಯ್ರಿ, ಎಂಟು ದಿನ ಕೆಡೂದಿಲ್ಲ. ನಮ್ಮ ಶೇಂಗಾ ಹಿಂಡಿ ತಿಂದು ನೇಪಾಳದ ಡ್ರೈವರ ಮತ್ತ ಕೈ ಒಡ್ಡಿದ. ಸ್ವೆಟರಿನ ಮ್ಯಾಲ ಕಂಬಳಿ ಒಂದು ಇರಲಿ. ಗಾಳಿಗೆ ಸ್ವೆಟರಿನ ತೂತು ಕಾಣತಾವ, ಕಂಬಳಿ ಅದನ್ನ ಒಳಗ ಬಿಡೂದಿಲ್ಲ. ಮೈಲಾರನ ಭಂಡಾರ ಒಯ್ಯೋವರು ಸಣ್ಣ ಪುಡಕಿ ಒಯ್ರಿ. ನಾ ಒಂದು ಡಬ್ಬಿ ತುಂಬ ಒಯ್ದಿದ್ದೆ. ಗಡಿಯೊಳಗ ಪೊಲೀಸ ಮುಚ್ಚಳ ತಗದು ಮೂಸಿ ಮೂಸಿ ನೋಡಿ ಸೀನಿದ. "ಅರಿಶಿಣ ಅದಪಾ, ದೇವರದು" ಅಂದೆ. ಅವನಿಗೇನ ತಿಳೀತು? ಮೊಮ್ಮಗಳು ಹಿಂದಿಯೊಳಗ ಅರ್ಧಾ ತಾಸು ತಿಳಿಸಿ ಹೇಳಿದ್ಲು. ಕಡೀಕ ಬಿಟ್ಟ, ಮೂಗು ಮಾತ್ರ ಹಳದಿ ಇತ್ತು.

ರೈಲು ಇಳಿದು ಗಡಿ ದಾಟಿ ಬಸ್ಸು, ಬಸ್ಸು ಇಳಿದು ಪೋಖರಾ. ಪೋಖರಾದಾಗ ಕೆರಿ ಐತಿ, ದೋಣಿ ಅದಾವ, ಎಲ್ಲಾರೂ ಫೋಟೋ ತಗಸ್ತಾರ. ನನಗ ಅದು ಭಾಳ ಸೇರಲಿಲ್ಲ, ಲಗ್ನದ ಮಂಟಪ ಇದ್ದಂಗ ಇತ್ತು. ಅಲ್ಲಿಂದ ಮುಂದ ಜೀಪು. ರಸ್ತೆ ಅನ್ನೋದು ಹೆಸರಿಗೆ. ಹೊಟ್ಟಿ ಖಾಲಿ ಇಟಗೊಂಡು ಕೂಡ್ರಿ. ಸಂಜೀಕ ಕಾಗಬೇನಿ ಅನ್ನೋ ಊರು ಮುಟ್ಟಿದ್ವಿ. ಅದು ನನಗ ಎಲ್ಲಾಕ್ಕಿಂತ ಸೇರಿದ ಊರು. ಮಣ್ಣಿನ ಗ್ವಾಡಿ, ಮಾಳಿಗಿ ಮ್ಯಾಲ ಕಟಗಿ ಒಟ್ಟಿದ್ದು, ಓಣಿ ಹೆಂಗ ಇಕ್ಕಟ್ಟು ಅಂದ್ರ ಎರಡು ಎಮ್ಮಿ ಎದರಾಬದರಾ ಬಂದ್ರ ಒಂದು ಹಿಂದ ಸರೀಬೇಕು. ನಮ್ಮ ಕಡಿ ಹಳೀ ಊರೊಳಗ ನಿಂತಂಗ ಆತು, ಚಳಿ ಒಂದು ಬ್ಯಾರೆ.

ಅಲ್ಲಿ ಚಾ ಕುಡಿಯೋವಾಗ ಮಾಸ್ತರ ನಾಳಿನ ಯಾದಿ ಓದಿದ. ಇಷ್ಟು ಮಂದಿ ನಡಿಯೋರು, ಸಾಮಾನು ಜೀಪಿನ್ಯಾಗ, ಸಾಮಾನಿನ ಜೋಡಿ ಆಜಿ.

"ಯಾವ ಆಜಿ?" ಅಂದೆ.

"ಇಲ್ಲಿ ಆಜಿ ಒಬ್ಬಾಕಿನ ಅದಾಳ" ಅಂತ ನಮ್ಮ ಗುಂಪಿನ ಅರವಿ ಅಂಗಡಿ ಸಾವಕಾರ ನಕ್ಕ. ದಪ್ಪ ಮನಷ್ಯಾ, ನಾಕು ಸಾವಿರ ಸಲ ಹಿಮಾಲಯ ಹತ್ತಿದವರಂಗ ಡ್ರೆಸ್ಸು.

ನಾ ಮೊಮ್ಮಗಳ ಮಾರಿ ನೋಡಿದೆ. ಆಕಿ ಕಪ್ಪಿನೊಳಗ ನೋಡಿದ್ಲು. ಅವಾಗ ತಿಳೀತು, ಈ ಹುಡುಗಿಗೆ ಸೊಲ್ಲಾಪುರದಾಗನ ಗೊತ್ತಿತ್ತು.

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬರತಿದ್ದಿಲ್ಲ ಆಯಿ."

"ಬರತಿದ್ದೆ. ಸೊಲ್ಲಾಪುರದಾಗ ಜಗಳಾಡಿ ಬರತಿದ್ದೆ. ಈಗ ನೇಪಾಳದಾಗ ಆಡಬೇಕು."

"ನೀ ಕಿಲ್ಲೆದಾಗ ಹಿಂದ ಬಿದ್ದಿ ಅಲ್ಲ? ಇದು ಅದಕ್ಕಿಂತ ಎತ್ತರ. ಹವಾ ತೆಳ್ಳಗ ಇರತದ. ನಾ ನರ್ಸ ಇದ್ದೀನಿ, ನನಗ ಗೊತ್ತಿಲ್ಲೇನು?"

"ನಾ ಹಿಂದ ಬೀಳಲಿಲ್ಲ, ಹಿಂದ ನಡದೆ" ಅಂದೆ. ಮಾಸ್ತರಿಗೆ ಕುರಿ, ಬಡಗಿ, ಅತ್ತಿ ಎಲ್ಲಾ ನನ್ನ ಹರಕ ಮರಾಠಿ ಒಳಗ ತಿಳಿಸಿ ಹೇಳಿದೆ. ಅಂವ ಕೇಳಿದ. ಪೂರಾ ಕೇಳಿದ, ಅಷ್ಟು ಅವನ ಒಳ್ಳೇತನ. ಆಮ್ಯಾಲ ಅಂದ: "ಆಜಿ, ನಾವು ಕುರಿ ಅಲ್ಲ."

"ಕುರಿ ಆಗಿದ್ರ ಇಷ್ಟೊತ್ತಿಗೆ ಮಾತ ಕೇಳತಿದ್ವು."

ಎಲ್ಲಾರೂ ನಕ್ಕರು, ಅಂವನೂ ನಕ್ಕ. ಆದ್ರ ಯಾದಿ ಬದಲಾಗಲಿಲ್ಲ. ನಿಮಗ ಏನರ ಆದ್ರ ನಾ ಜವಾಬ್ದಾರ ಅಂದ. ಅದೂ ಖರೆನ. ನಾ ಚಾದ ಕಪ್ಪು ಕೆಳಗಿಟ್ಟು ಹೇಳಿದೆ: "ಮಾಸ್ತರ, ನಾಳಿ ನಾ ಎಲ್ಲಾರ ಮುಂದ ನಡೀತೀನಿ. ನಿಮ್ಮ ಕಣ್ಣೆದರಿಗೆ. ಎಲ್ಲಿ ನೀವು ನನ್ನ ಮಾರಿ ನೋಡಿ 'ಬ್ಯಾಡ' ಅಂತೀರಿ, ಅಲ್ಲಿ ಜೀಪ ಹತ್ತತೀನಿ. ಆದ್ರ ಒಂದು ಶರತ್ತು. ನನ್ನ ದಾಟಿ ಯಾರೂ ಮುಂದ ಹೋಗಬಾರದು."

ಅಂವ ಸೀಟಿ ಬೆರಳಿನ್ಯಾಗ ತಿರುವಕೋತ ವಿಚಾರ ಮಾಡಿ, "ಆತು" ಅಂದ. ಮೊದಲನೇ ಏರಿಗೆ ನಾ ಕುಂತಬಿಡತೀನಿ ಅಂತ ಅವನ ಅಂದಾಜು.

ಕಾಗಬೇನಿಯೊಳಗ ಬೆಳಗಿನ ಜಾವ ಹೊಂಡ್ರಿ, ಇದನ್ನ ಮರೀಬ್ಯಾಡ್ರಿ. ಹೊತ್ತು ಏರಿದಂಗ ಹೊಳಿ ಕಡಿಂದ ಗಾಳಿ ಏಳತದ, ಉಸುಕು ಹಲ್ಲಿನ್ಯಾಗ ಕಟಕಟ ಅಂತದ. ನಾವು ಬೆಳಕು ಹರಿಯೋ ಹೊತ್ತಿಗೆ ಹೊಂಟ್ವಿ. ಮುಂದ ನಾ, ನನ್ನ ಹಿಂದ ಮಾಸ್ತರ, ಆಮ್ಯಾಲ ಉಳಿದವರು.

ಮುಂದ ನಡಿಯೋದು ನನಗ ರೂಢಿ ಇದ್ದಿಲ್ಲ. ಬೆನ್ನು ಬರಿದಾದಂಗ ಆತು, ಯಾರು ಎಲ್ಲಿ ಅದಾರ ಕಾಣವಲ್ದು. ತಿರುಗಿ ತಿರುಗಿ ನೋಡೋ ಚಾಳಿ ಬಿಡಾಕ ಒಂದು ತಾಸು ಹಿಡೀತು. ಆದ್ರ ಏರು ಹತ್ತೋ ನಡಿಗಿ ಗೊತ್ತಿತ್ತು. ಗಬ್ಬದ ಕುರಿ ಹೆಂಗ ಹತ್ತತದೋ ಹಂಗ. ಹೆಜ್ಜಿ ಗೇಣಷ್ಟ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು, ನಿಲ್ಲಬಾರದು, ಓಡಬಾರದು. ಬಾಯಿಲೆ ಉಸಿರು ಬಂತು ಅಂದ್ರ ಹೆಜ್ಜಿ ಇನ್ನಷ್ಟು ಸಣ್ಣದು. ನೀರು ಗಟಗಟ ಬ್ಯಾಡ, ಒಂದೊಂದು ಗುಟುಕು. ಬೆಲ್ಲ ಗಲ್ಲದಾಗ ಇಟಗೋರಿ.

ಹಿಂದಿನಿಂದ ಗೊಣಗೊಣ ಸುರುವಾತು. "ಆಜಿ, ಹಿಂಗಾದ್ರ ಮುಂದಿನ ವಾರ ಮುಟ್ಟತೀವಿ" ಅಂತ ಸಾವಕಾರ. ನಾ ಕೈಯಾಗಿನ ಬಡಗಿ ಅಡ್ಡ ಹಿಡಿದೆ. ಮಾಸ್ತರನೂ ಕಣ್ಣು ಬಿಟ್ಟು ನೋಡಿದ. ಆದ್ರೂ ಸಾವಕಾರ ಒಂದು ಅಡ್ಡದಾರಿ ಹಿಡಿದು ಧಡಧಡ ಮುಂದ ಹೋಗಿಬಿಟ್ಟ. ಕೈ ಬೀಸಿ ಫೋಟೋ ತಗಸಿಕೊಂಡ.

ಮುಂದ ಖಿಂಗಾರ ಅನ್ನೋ ಹಳ್ಳಿ ಹತ್ತರ ಆಡು ಬಂದ್ವು. ನೆಲ ಮುಟ್ಟೋ ಕೂದಲು, ಗಿಡ್ಡ ಕಾಲು. ನನ್ನ ಕೈ ತಡೀಲಿಲ್ಲ, ಒಂದರ ಬೆನ್ನೆಲಬು ಒತ್ತಿ ನೋಡಿದೆ. ಮೈ ತುಂಬಿತ್ತು. ಆ ಬೋಳು ನೆಲದಾಗ ಏನ ತಿಂತಾವೋ! ಅವುಗಳ ಧಣಿ ಹೆಣಮಗಳು ಬಂದು ನನ್ನ ಕಂಬಳಿ ಚುಂಗು ಹಿಡಿದು ತಿಕ್ಕಿ ನೋಡಿದ್ಲು. ಆಕಿ ಮಾತು ನನಗ ತಿಳೀಲಿಲ್ಲ, ನಂದು ಆಕಿಗೆ ತಿಳೀಲಿಲ್ಲ, ಕಂಬಳಿ ಉಣ್ಣಿ ಛಲೋ ಐತಿ ಅಂತ ಇಬ್ಬರಿಗೂ ತಿಳೀತು.

ಅಲ್ಲಿ ಗ್ವಾಡಿಗೆ ಆನಿಕೊಂಡು ಸಾವಕಾರ ಕುಂತಿದ್ದ. ಮಾರಿ ಸುಣ್ಣ ಬಳದಂಗ. ತಲಿ ಸಿಡೀತದ ಅಂದ, ಮುಂಜಾನೆ ತಿಂದದ್ದೆಲ್ಲ ಕಾರಿದ. ಮೊಮ್ಮಗಳು ನಾಡಿ ನೋಡಿ, ಬೆರಳಿಗೆ ಸಣ್ಣ ಮಿಷನ್ ಹಚ್ಚಿ, "ಕಾಕಾ, ಇನ್ನ ಮ್ಯಾಲ ಬ್ಯಾಡ, ಕೆಳಗ ಇಳೀರಿ" ಅಂದ್ಲು. ಅಂವ ಕೆಳಗ ಹೋಗೋ ಜೀಪ ಹತ್ತಿದ. ನನಗ ನಗು ಬರಲಿಲ್ಲ. ಎತ್ತರದಾಗ ತಲಿನೋವು ಬಂದ್ರ ಹಟ ಮಾಡಬ್ಯಾಡ್ರಿ, ಇಳೀರಿ. ಹಟ ಕಾಲಿನ ಮ್ಯಾಲ ಮಾಡೂದು, ತಲಿ ಮ್ಯಾಲ ಅಲ್ಲ.

ಆಮ್ಯಾಲ ಆಕಿ ಅದ ಮಿಷನ್ ನನ್ನ ಬೆರಳಿಗೂ ಹಚ್ಚಿದ್ಲು. ನೋಡಿ, ನನ್ನ ಬೆರಳು ತಿಕ್ಕಿ ಮತ್ತೊಮ್ಮೆ ಹಚ್ಚಿದ್ಲು.

"ಏನಂತದ?"

"ನನಗಿಂತ ಛಲೋ ಅದ" ಅಂದ್ಲು, ಸಿಟ್ಟಿಲೆ.

ಝಾರಕೋಟ ದಾಟಿದ ಮ್ಯಾಲ ಮಾತ್ರ ನನ್ನ ಸೊಕ್ಕೂ ಇಳೀತು. ಇಪ್ಪತ್ತು ಹೆಜ್ಜಿಗೆ ಒಮ್ಮೆ ಬಡಗಿ ಮ್ಯಾಲ ಭಾರ ಹಾಕಿ ನಿಲ್ಲಬೇಕಾತು. ಗಾಳಿ ಬೆನ್ನಿಗೆ ಬಡೀತಿತ್ತು, ಅದು ಅಷ್ಟರ ಮಟ್ಟಿಗೆ ದೂಡತು. ಮಾಸ್ತರ ಮುಂದ ಬಂದು ನನ್ನ ಮಾರಿ ನೋಡಿದ. ನಾನೂ ಅವನ ಮಾರಿ ನೋಡಿದೆ. ಮಾತು ಮಾತ ಐತಿ, ಅಂವ ಬ್ಯಾಡ ಅಂದಿದ್ರ ನಾ ಜೀಪ ಹತ್ತತಿದ್ದೆ, ಜೀವನ ಪೂರ್ತಿ ಬೈಕೋತ ಇರತಿದ್ದೆ. ರಸ್ತೆಮ್ಯಾಲ ಒಂದು ಜೀಪು ಹೋಗಾಕತ್ತಿತ್ತು. ಅಂವ ಅದರ ಕಡಿ ನೋಡಿದ, ಕೈ ಮಾಡಲಿಲ್ಲ. "ತಲಿ ನೋಯ್ತದೇನು ಆಜಿ?" ಅಂದ.

"ಇಲ್ಲ. ಬರೇ ಮುದುಕಿ ಆಗೀನಿ."

"ನಡೀರಿ ಹಂಗಾದ್ರ" ಅಂದ.

ಹುಡುಗರು ನಾಕು ತಾಸಿನ್ಯಾಗ ಹತ್ತೋದನ್ನ ನಾವು ಎಂಟು ತಾಸಿನ್ಯಾಗ ಹತ್ತಿದ್ವಿ. ಗುಡಿ ಹಿಂದ ಸಾಲಾಗಿ ನೂರಾ ಎಂಟು ನಳ, ಹಿಮದ ನೀರು. ಗುಂಪಿನವರು ಅದರ ಕೆಳಗ ಚೀರಕೋತ ಓಡಿದ್ರು. ನೀವು ಓಡಬ್ಯಾಡ್ರಿ. ನಾ ಮೂರು ಬೆರಳು ಅದ್ದಿ ಕಣ್ಣಿಗೆ ಹಚಗೊಂಡೆ, ದೇವರಿಗೆ ಅಷ್ಟ ಸಾಕು. ಆಮ್ಯಾಲ ಗ್ವಾಡಿ ಮ್ಯಾಲ ಕುಂತು ಕೆಳಗಿನ ದಾರಿ ನೋಡಿದೆ. ಉದ್ದಕ ಒಂದು ಹಸರು ಎಲಿ ಕಾಣಲಿಲ್ಲ. ಭಾಳೊತ್ತು ಕುಂತೆ. ಯಾವ ಕುರಿನೂ ನನ್ನ ಎಬ್ಬಸಲಿಲ್ಲ.

ಮರುದಿನ ಇಳೀಬೇಕು. ಮೊಣಕಾಲು ಇಳಿಜಾರಿಗೆ ಒಲ್ಲೆ ಅಂತು. ಜೀಪ ಬ್ಯಾಡ ಅಂತ ಅಷ್ಟು ಕೂಗಾಡಿದ ಮ್ಯಾಲ ಅದನ್ನ ಹತ್ತಾಕ ಮಾರಿ ಇದ್ದಿಲ್ಲ, ಕುದುರಿ ಮಾಡಿಕೊಂಡೆ. ಕಾಗಬೇನಿಯೊಳಗ ಸಾವಕಾರ ಆರಾಮಾಗಿ ಚಾ ಕುಡೀತಿದ್ದ. ನೋಡಿ ಎದ್ದು ನಿಂತ. "ಏನ ಆಜಿ, ನಡಕೋತ ಬರೋರು ಕುದುರಿ ಮ್ಯಾಲ?"

"ಹತ್ತೂದಷ್ಟ ಹೇಳಿದ್ದೆ. ಇಳಿಯೂದು ಯಾರಿಗೂ ಹೇಳಿಲ್ಲ" ಅಂದೆ.

ಕುದುರಿ ಗುಡ್ಡ ಇಳಿಯೋವಾಗ ಹಿಂದಕ್ಕ ವಾಲಿ ಕೂಡಬೇಕು, ಕಾಲು ಮುಂದ ಚಾಚಿ. ಇದು ನನಗ ಯಾರೂ ಹೇಳಿದ್ದಿಲ್ಲ. ಎರಡು ದಿನ ಬೋರಲ ಮಲಗಿದೆ.