ನಾನು ಓದದೆ ಬಿಟ್ಟ ಚೀಟಿ

ಹೊಸಪೇಟೆಯಲ್ಲಿ ನಮ್ಮದೊಂದು ಓದುಗರ ಕೂಟವಿತ್ತು. ಎರಡು ತಿಂಗಳಿಗೊಮ್ಮೆ, ಭಾನುವಾರ ಸಂಜೆ, ಹೊರ ಊರಿನಿಂದ ಒಬ್ಬ ಸಾಹಿತಿಯನ್ನೋ ಪ್ರಾಧ್ಯಾಪಕರನ್ನೋ ಕರೆಸುತ್ತಿದ್ದೆವು. ಅವರು ಒಂದು ಗಂಟೆ ಮಾತಾಡಬೇಕು, ಆಮೇಲೆ ಸಭಿಕರ ಪ್ರಶ್ನೆಗಳಿಗೆ ಉತ್ತರಿಸಬೇಕು. ಎದ್ದು ನಿಂತು ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಮೊದಮೊದಲು ಹಾಗೆ ಬಿಟ್ಟು ನೋಡಿದ್ದೆವು. ವಕೀಲರೊಬ್ಬರು ಒಂದೇ ಒಂದು ಪ್ರಶ್ನೆ ಎಂದು ಎದ್ದು ಮುಕ್ಕಾಲು ಗಂಟೆ ತಮ್ಮದೇ ಭಾಷಣ ಮಾಡಿ ಕೂತರು. ಹಿಂದಿನ ಬೆಂಚಿನಿಂದ ಯಾರೋ, "ವಕೀಲ್ರ, ಪ್ರಶ್ನಿ ಮುಂದಿನ ತಾರೀಖಿಗೇನ್ರಿ?" ಎಂದಿದ್ದರು. ಅಂದಿನಿಂದ ಚೀಟಿ. ಕಾಲುವೆ ಕಚೇರಿಯ ಹಳೆಯ ಫಾರಂಗಳನ್ನು ನಾಲ್ಕು ತುಂಡು ಮಾಡಿ ಹಂಚುತ್ತಿದ್ದೆವು. ಒಂದು ಬದಿಗೆ ಗೇಟು, ಅಡಿ, ಅಂಗುಲ ಎಂದು ಅಚ್ಚಾದ ಗೆರೆಗಳು, ಇನ್ನೊಂದು ಬದಿಗೆ ಪ್ರಶ್ನೆ. ಬಿದಿರು ಬುಟ್ಟಿಯಲ್ಲಿ ಅವನ್ನು ಕೂಡಿಸಿ ಮೈಕಿನ ಮುಂದೆ ಓದುವ ಕೆಲಸ ನನ್ನದು.

ನಾನು ಆ ಕಚೇರಿಯ ಗುಮಾಸ್ತ. ಓದಿದ್ದು ಎಸ್ಸೆಸ್ಸೆಲ್ಸಿ. ವೇದಿಕೆಯ ಮೇಲೆ ದೊಡ್ಡ ದೊಡ್ಡ ಪದವಿ ಪಡೆದವರ ಪಕ್ಕದ ಕುರ್ಚಿ ನನಗೆ ಸಿಕ್ಕಿತ್ತು. ಶಾಲೆಯಲ್ಲಿ ಒಂದು ದಿನವೂ ಕಲಿಸದ ನನ್ನನ್ನು ಊರು ಮಾಸ್ತರ ಎಂದು ಕರೆಯುತ್ತಿತ್ತು. ಆ ಕುರ್ಚಿಯ ಮೋಹವೇ ನನ್ನನ್ನು ಕೆಡಿಸಿತು. ಬೇರೆ ಕಾರಣ ಹೇಳಲು ನನ್ನಲ್ಲಿ ಏನೂ ಇಲ್ಲ.

ಚೀಟಿಗಳನ್ನು ನಾನು ಮೊದಲು ಸೋಸುತ್ತಿದ್ದೆ. "ಫ್ಯಾನ್ ಹಾಕಿಸ್ರಿ" ಎಂದು ಬರೆದದ್ದು, "ನಿಮ್ಮ ಕವನ ನಿಮಗಾದರೂ ತಿಳಿತೈತೇನ್ರಿ" ಎಂದು ಬರೆದದ್ದು, ಇವೆಲ್ಲ ನನ್ನ ಜೇಬಿಗೆ ಹೋಗುತ್ತಿದ್ದವು. ಉಳಿದದ್ದನ್ನು ತಿದ್ದಿ, ನಯ ಮಾಡಿ ಓದುತ್ತಿದ್ದೆ. ಅದನ್ನು ಯಾರೂ ತಪ್ಪೆನ್ನಲಿಲ್ಲ. ಮಾಸ್ತರ ಓದಿದರೆ ಎಂಥ ಪ್ರಶ್ನೆಗೂ ಕಳೆ ಬರುತ್ತದೆ ಎನ್ನುತ್ತಿದ್ದರು.

ಪ್ರತಿ ಸಭೆಗೂ ತಪ್ಪದೆ ಬರುತ್ತಿದ್ದವನು ಸಂಡೂರಿನ ಮ್ಯಾಂಗನೀಸ್ ಗಣಿಯ ಒಬ್ಬ ಕೆಲಸಗಾರ. ಅವನೂ ಓದಿದ್ದು ನನ್ನಷ್ಟೇ, ಬರಬರುತ್ತ ಗೆಳೆಯನಾದ. ಎಷ್ಟು ಒಗೆದರೂ ಅಂಗಿಯ ಕಾಲರಿನಲ್ಲಿ ಕಪ್ಪು ಧೂಳಿನ ಒಂದು ಗೆರೆ ಉಳಿದಿರುತ್ತಿತ್ತು. ಕಂಪ್ಲಿ ಕಡೆಯ ಹಳ್ಳಿಯವನು. ಊರ ಹೊರಗಿನ ಕೇರಿಯ ಅವನ ಮನೆಯವರು ಬೌದ್ಧ ಧರ್ಮ ಸೇರಿದ್ದರು. ಕೂಟದ ಕಪಾಟಿನಿಂದ ಸಲಕ್ಕೆ ಎರಡು ಪುಸ್ತಕ ಒಯ್ದು, ಮುಂದಿನ ಸಲ ತಂದುಕೊಟ್ಟು, "ಇದನ್ನ ಬರದವ್ರನ್ನ ಒಮ್ಮಿ ಕರಸ್ರಿ ಮಾಸ್ತರ, ಕೇಳೋದೈತಿ" ಎನ್ನುತ್ತಿದ್ದ.

ಎಪ್ಪತ್ತರ ದಶಕದ ಕೊನೆಯಲ್ಲಿ ಅಂಥ ಒಬ್ಬರು ಬಂದರು. ಮನುಷ್ಯರೆಲ್ಲ ಒಂದೇ ಎಂದು ಜೀವನವಿಡೀ ಬರೆದವರು. ನಮ್ಮ ಸಭಾಂಗಣದ ಹೆಂಚು, ಕುರ್ಚಿ, ಮೈಕು ಎಲ್ಲ ಕಂಪ್ಲಿಯ ಒಬ್ಬ ಸಾಹುಕಾರರ ಕೊಡುಗೆ. ಕಾಲುವೆ ನೀರು ಬಂದ ಮೇಲೆ ಕಬ್ಬು, ಬಾಳೆ, ಎರಡು ಬೆಳೆ ಭತ್ತ ಎಂದು ಬೆಳೆದ ಮನೆತನ. ಅತಿಥಿಗಳಿಗೆ ಬೆಳಿಗ್ಗೆ ಅವರ ಜೀಪಿನಲ್ಲಿ ಹಂಪಿ ತೋರಿಸುವುದು, ಮಧ್ಯಾಹ್ನ ಅವರ ಮನೆಯಲ್ಲಿ ಊಟ ಮಾಡಿಸುವುದು ನಮ್ಮ ವಾಡಿಕೆ. ಅಂದು ಹಂಪಿ ಬಜಾರಿನ ಮುರುಕು ಕಲ್ಲುಮಂಟಪಗಳನ್ನು ನೋಡಿ ಸಾಹಿತಿಗಳು ಕಣ್ಣೊರೆಸಿಕೊಂಡರು. ಆಮೇಲೆ ಕಂಪ್ಲಿಯಲ್ಲಿ ಹೋಳಿಗೆ ಊಟ. ಕೈ ತೊಳೆಯಲು ಹಿತ್ತಿಲಿಗೆ ಹೋದಾಗ, ನಾವು ಉಂಡ ಎಲೆಗಳನ್ನು ಬುಟ್ಟಿಗೆ ತುಂಬಿಕೊಂಡು ಹೊರಡುತ್ತಿದ್ದ ಒಬ್ಬ ಮುದುಕಿಯನ್ನು ಕಂಡೆ. ನನಗೆ ದಾರಿ ಬಿಡಲು ಆಕೆ ಗೋಡೆಗೆ ಅಂಟಿ ನಿಂತಳು.

ಸಂಜೆ ಆಕೆಯನ್ನೇ ನಮ್ಮ ಸಭಾಂಗಣದ ಕೊನೆಯ ಬೆಂಚಿನಲ್ಲಿ ಕಂಡು ಬೆರಗಾದೆ. ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಪಕ್ಕದಲ್ಲಿ ಗಣಿಯ ಗೆಳೆಯ.

"ನಮ್ಮವ್ವ ರೀ ಮಾಸ್ತರ. ಕಂಪ್ಲಿ ಬಸ್ಸಿಗೆ ಕರಕೊಂಡು ಬಂದೆ. ಇವತ್ತ ಚೀಟಿ ಆಕೀದು, ಬರದದ್ದಷ್ಟ ನಾನು."

"ಏನಬೇ, ನೀನೂ ಪ್ರಶ್ನಿ ಕೇಳಾಕಿ?" ಎಂದು ನಕ್ಕೆ.

"ಕೇಳಬಾರ್ದೇನಪ್ಪಾ? ಇವ ಹೆದರಬ್ಯಾಡ ಅಂದಾನ," ಎಂದಳು. ಬುಟ್ಟಿಗೆ ಚೀಟಿಯನ್ನು ಮಗ ಹಾಕಲು ಹೋದರೆ ಕೈಯಿಂದ ಕಿತ್ತುಕೊಂಡು ತಾನೇ ಹಾಕಿದಳು.

ವೇದಿಕೆಯಲ್ಲಿ ಕೂತು ಅದನ್ನು ಬಿಡಿಸಿದೆ. ಆಕೆ ಆಡಿದಂತೆಯೇ ಮಗ ಬರೆದಿದ್ದ: "ಇವತ್ತ ನೀವು ಉಂಡ ಎಲಿ ಎತ್ತಿದಾಕಿ ನಾನು. ಆ ಮನ್ಯಾಗ ಮೂವತ್ತು ವರ್ಷ ದುಡದೀನಿ, ಹೊಸ್ತಲ ದಾಟಿಲ್ಲ. ಎಲ್ಲಾರೂ ಒಂದ ಅಂತ ನೀವು ಬರದದ್ದನ್ನ ನನ ಮಗ ಓದಿ ಹೇಳ್ಯಾನ. ಉಣ್ಣುವಾಗ, ಈ ಎಲಿ ಎತ್ತಾಕಿ ಎಲ್ಲಿ ನಿಂತಾಳ ಅಂತ ಕೇಳಬೇಕು ಅನಸಲಿಲ್ಲೇನ್ರಿ ನಿಮಗ?"

ಮುಂದಿನ ಸಾಲಿನಲ್ಲಿ ಸಾಹುಕಾರರು ಕೂತಿದ್ದರು. ಪಕ್ಕದಲ್ಲಿ ಅವರ ಕಾಲೇಜು ಓದುವ ಮಗ. ನಾನು ಗಂಟಲು ಸರಿಮಾಡಿಕೊಂಡು ಓದಿದೆ: "ಕೊನೆಯ ಬೆಂಚಿನ ಒಬ್ಬ ತಾಯಿಯವರ ಪ್ರಶ್ನೆ. ಸಮಾನತೆಯನ್ನು ಸಾಧಿಸುವಲ್ಲಿ ಸಾಹಿತಿಯ ಪಾತ್ರವೇನು?"

ಸಾಹಿತಿಗಳು ಅರ್ಧ ಗಂಟೆ ಉತ್ತರಿಸಿದರು. ಚೆನ್ನಾಗಿಯೇ ಮಾತಾಡಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಸಾಹುಕಾರರು. ಗೆಳೆಯ ಅರ್ಧ ಎದ್ದು ನಿಂತು ಕೈ ಎತ್ತಿದ. ತಾಯಿ ಅವನ ಅಂಗಿ ಜಗ್ಗಿ ಏನೋ ಕೇಳುತ್ತಿದ್ದಳು. ನಾನು ಬುಟ್ಟಿಯಲ್ಲಿ ಉಳಿದ ಚೀಟಿಗಳನ್ನು ಬಿಟ್ಟು, ಸಮಯದ ಅಭಾವವೆಂದು ಹೇಳಿ ವಂದನಾರ್ಪಣೆ ಶುರುಮಾಡಿದೆ.

ಬಾಗಿಲಲ್ಲಿ ಅವರಿಬ್ಬರೂ ನಿಂತಿದ್ದರು. ತಪ್ಪಿಸಿಕೊಂಡು ಹೋಗಲು ಬೇರೆ ಬಾಗಿಲಿರಲಿಲ್ಲ.

"ಯಪ್ಪಾ, ನಂದು ಓದಿದ್ಯಾ?" ಎಂದು ಆಕೆ ಕೇಳಿದಳು. "ಭಾಳ ದೊಡ್ಡ ದೊಡ್ಡ ಮಾತು, ನನಗ ತಿಳೀಲಿಲ್ಲ."

"ಓದಿದೆನಬೇ."

"ಏನಂದ್ರು ಅವ್ರು?"

"ಭಾಳ ಛಲೋ ಪ್ರಶ್ನಿ ಅಂದ್ರು."

"ಸಿಟ್ಟಾಗಲಿಲ್ಲಲ್ಲ?"

"ಇಲ್ಲಬೇ."

ಆಕೆಯ ಮುಖ ಅರಳಿತು. ಮಗನ ಬೆನ್ನಿಗೆ ಒಂದು ಗುದ್ದು ಹಾಕಿ, "ನೀ ಹೇಳಿದ್ದ ಖರೇ ಆತು ನೋಡಲೇ. ಕೇಳಿದ್ರ ಯಾರೂ ಏನೂ ಅನ್ನೂದಿಲ್ಲ" ಎಂದಳು.

ಅವನು ನನ್ನನ್ನೇ ನೋಡುತ್ತಿದ್ದ. ಬೈಯಬಹುದಿತ್ತು, ಕೊರಳಪಟ್ಟಿ ಹಿಡಿಯಬಹುದಿತ್ತು. ತಾಯಿಯ ಮುಖವನ್ನು ಒಮ್ಮೆ ನೋಡಿ, "ಬಸ್ ಹೋಗತೈತಿ, ನಡಿ ಬೇ" ಎಂದಷ್ಟೇ ಹೇಳಿದ. ನನ್ನ ಸುಳ್ಳನ್ನು ಅವನ ಬಾಯಿಗೂ ತುರುಕಿದ್ದೆನೆಂದು ನನಗೆ ಆಗ ಹೊಳೆಯಲಿಲ್ಲ. ಸಾಹಿತಿಗಳು ನನ್ನ ಹೆಗಲ ಮೇಲೆ ಕೈಯಿಟ್ಟು, ನಿಮ್ಮ ಊರಿನ ಪ್ರಶ್ನೆಗಳು ಬಹಳ ಪ್ರಬುದ್ಧವಾಗಿವೆ ಎಂದರು. ನಾನು ಹಿಗ್ಗಿದೆ. ಹಿಗ್ಗಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ.

ಅವನು ಮತ್ತೆ ಬರಲಿಲ್ಲ. ಅವನಲ್ಲಿದ್ದ ಎರಡು ಪುಸ್ತಕಗಳು ಹದಿನೈದು ದಿನಕ್ಕೆ ಸಂಡೂರು ಬಸ್ಸಿನ ಕಂಡಕ್ಟರನ ಕೈಯಲ್ಲಿ, ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಬಂದವು. ಒಳಗೆ ಒಂದು ಸಾಲಿನ ಪತ್ರವೂ ಇರಲಿಲ್ಲ.

ಆಮೇಲೆಯೂ ಹತ್ತು ವರ್ಷ ನಾನು ಚೀಟಿ ಓದಿದೆ. ಎಂಥದ್ದು ಬುಟ್ಟಿಯಿಂದ ಮೇಲೆ ಬರುತ್ತದೆ, ಎಂಥದ್ದು ಬರುವುದಿಲ್ಲ ಎಂಬುದು ಜನಕ್ಕೆ ತಿಳಿದುಹೋಗಿತ್ತು. ಬರಬರುತ್ತ ಚೀಟಿಗಳು ತಾವಾಗಿಯೇ ನಯವಾದವು, ಸೋಸುವ ಕೆಲಸವೇ ಉಳಿಯಲಿಲ್ಲ. ನಂತರ ಚೀಟಿ ಬರುವುದೇ ನಿಂತಿತು. ಅತಿಥಿಗಳೆದುರು ಮಾನ ಹೋಗಬಾರದೆಂದು ನಾನೇ ನಾಲ್ಕು ಚೀಟಿ, ನಾಲ್ಕು ಥರದ ಅಕ್ಷರದಲ್ಲಿ ಬರೆದು ಬುಟ್ಟಿಗೆ ಹಾಕಿ, ಎತ್ತಿ ಓದುತ್ತಿದ್ದೆ. ಕಾಲುವೆಯಲ್ಲಿ ನೀರು ಹರಿಯುತ್ತಲೇ ಇತ್ತು, ಸಭಾಂಗಣಕ್ಕೆ ಫ್ಯಾನು ಬಂತು, ಮೆತ್ತನೆಯ ಕುರ್ಚಿ ಬಂತು. ಕೇಳುವವರು ಇರಲಿಲ್ಲ. ಕೂಟ ಸತ್ತಿತು. ಕೊಂದವನ ಕೈಯಲ್ಲೇ ಬುಟ್ಟಿ ಇತ್ತು.

ತೊಂಬತ್ತರ ದಶಕದಲ್ಲಿ ಆ ಮುದುಕಿ ತೀರಿಕೊಂಡ ಸುದ್ದಿ ತಿಳಿಯಿತು. ಚೀಟಿ ನನ್ನ ಟ್ರಂಕಿನಲ್ಲೇ ಇತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ಸಂಡೂರಿಗೆ ಹೋದೆ. ಬಸ್ ನಿಲ್ದಾಣದಲ್ಲೇ ಅವನು ಸಿಕ್ಕ. ಕೂದಲು ಬೆಳ್ಳಗಾಗಿತ್ತು, ಉಸಿರಿಗೊಮ್ಮೆ ಕೆಮ್ಮುತ್ತಿದ್ದ.

"ಬರ್ರಿ ಮಾಸ್ತರ, ಕುಂದ್ರಿ" ಎಂದು ಬೆಂಚಿನಲ್ಲಿ ಜಾಗ ಮಾಡಿದ. ಆ ಮರ್ಯಾದೆ ನನ್ನನ್ನು ಸುಟ್ಟಿತು.

ಚೀಟಿ ಕೊಟ್ಟೆ. ಅವನು ಬಿಡಿಸಲಿಲ್ಲ. "ನಮ್ಮವ್ವ ಸಾಯೋತನ ಹೇಳಿದ್ಲು. ಬಂದ್ಹೋದವ್ರಿಗೆಲ್ಲ, ದೊಡ್ಡವ್ರು ನನ ಪ್ರಶ್ನಿ ಛಲೋ ಐತಿ ಅಂದ್ರು ಅಂತ. ಪ್ರತಿ ಸಲ ನನ್ನ ಕಡಿ ತಿರುಗಿ, ಹೌದಿಲ್ಲೋ ಅಂತಿದ್ಲು. ನಾ ಹೌದು ಅಂತಿದ್ದೆ."

ಅವನು ಕೆಮ್ಮಿ, ಸುಧಾರಿಸಿಕೊಂಡು ಚೀಟಿಯನ್ನು ನನ್ನ ಕೈಗೇ ಮರಳಿ ಇಟ್ಟ. "ಈಗರ ಓದ್ರಿ. ಜೋರಾಗಿ ಓದ್ರಿ. ಮೈಕ್ ಬ್ಯಾಡ."

ಎದ್ದು ನಿಂತೆ. ಸುತ್ತ ಬಸ್ಸು ಕಾಯುವ ಇಪ್ಪತ್ತು ಮೂವತ್ತು ಜನರಿದ್ದರು. "ಇವತ್ತ ನೀವು ಉಂಡ ಎಲಿ ಎತ್ತಿದಾಕಿ ನಾನು" ಎಂದು ಶುರುಮಾಡಿದೆ. ಕೆಲವರು ತಿರುಗಿ ನೋಡಿದರು. ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಸಾಹುಕಾರರ ಮಗ. ಕಬ್ಬಿನ ಮನೆತನ ಈಗ ಅದಿರಿಗೂ ಕೈ ಹಾಕಿತ್ತು. "ಏನ್ರಿ ಮಾಸ್ತರ, ಇಲ್ಲಿ? ಭಾಷಣ ಜೋರೈತಿ!" ಎಂದು ನಗುತ್ತ ಬಂದ.

ನನ್ನ ದನಿ ಇಳಿಯಿತು. ನಾನು ಇಳಿಸಲಿಲ್ಲ ಎಂದು ಹೇಳುವಂತಿಲ್ಲ. ನೌಕರಿಯಿಂದ ನಿವೃತ್ತನಾಗಿದ್ದೆ, ಕೂಟ ಇರಲಿಲ್ಲ, ಕುರ್ಚಿ ಇರಲಿಲ್ಲ, ಆ ಮನುಷ್ಯನಿಂದ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ. ಆದರೂ ಚೀಟಿಯನ್ನು ಮಡಿಚಿ ಕೈ ಮುಗಿದೆ.

"ಬ್ಯಾಡ ಬಿಡ್ರಿ ಮಾಸ್ತರ" ಎಂದು ಗೆಳೆಯ ಮೆಲ್ಲಗೆ ಹೇಳಿದ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ತನ್ನ ಚೀಲ ಎತ್ತಿಕೊಂಡು ಕಂಪ್ಲಿ ಬಸ್ಸು ಹತ್ತಿದ, ಕಿಟಕಿಯಿಂದ ತಿರುಗಿ ನೋಡಲಿಲ್ಲ.

ನನಗೀಗ ಎಂಬತ್ತು ದಾಟಿದೆ. ಚೀಟಿ ಇನ್ನೂ ನನ್ನ ಬಳಿಯೇ ಇದೆ. ಅದರಲ್ಲಿದ್ದುದನ್ನು ಒಂದಕ್ಷರವೂ ತಿದ್ದದೆ ಮೇಲೆ ಬರೆದಿದ್ದೇನೆ. ಬರೆಯುವುದು ನನಗೆ ಯಾವಾಗಲೂ ಬರುತ್ತಿತ್ತು. ಓದಬೇಕಾಗಿತ್ತು.