ಎಂಟನೆಯ ದೀಪ

ಆಫೀಸಿನಲ್ಲಿ ಅವಳಿಗೆ ಕೇಬಲ್ ಕೀಳುವ ಅಕ್ಕ, ಕೀಳಕ್ಕ ಎಂದೇ ಹೆಸರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಬರಬರುತ್ತ ಎದುರಿಗೇ ಕರೆದರು. ಹೊಸ ನೆಟ್‌ವರ್ಕ್ ಸ್ವಿಚ್, ಅಂದರೆ ಯಂತ್ರಗಳ ಕೇಬಲ್‌ಗಳನ್ನು ಸೇರಿಸುವ ಪೆಟ್ಟಿಗೆ, ಯಾವುದೇ ತಯಾರಾಗಲಿ, ಕಂಪ್ಯೂಟರಿನ ಪರೀಕ್ಷೆಗಳೆಲ್ಲ ಪಾಸಾಗಿರಲಿ, ಅವಳು ಮೇಜಿನಿಂದ ಎದ್ದು ಹೋಗಿ ಒಂದೊಂದೇ ಕೇಬಲನ್ನು ಕೈಯಾರೆ ಕಿತ್ತು ನೋಡುತ್ತಿದ್ದಳು. ಕಿತ್ತ ಕೂಡಲೇ ಆ ಕಿಂಡಿಯ, ಅವರ ಮಾತಲ್ಲಿ ಪೋರ್ಟಿನ, ಪಕ್ಕದ ಪುಟ್ಟ ಹಸಿರು ದೀಪ ಆರಬೇಕು. ಆರಿದರೆ ತಲೆಯಾಡಿಸಿ ಮುಂದಿನದಕ್ಕೆ.

"ಅಕ್ಕ ಮದುವೆಗೆ ಹೋದ್ರೂ ಮೊದಲು ಮೈಕಿನ ವೈರ್ ಕಿತ್ತು ನೋಡಿ, ಆಮೇಲೇ ಊಟಕ್ಕೆ ಕೂರೋದು" ಎಂದು ಪರೀಕ್ಷಾ ಕೋಣೆಯವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಈ ಚಾಳಿ ಅಪ್ಪನಿಂದ ಬಂದದ್ದು. ಅಪ್ಪ ವೈರ್‌ಮನ್ ಆಗಿದ್ದವರು. ಬೋರ್ಡಿನ ಮೇಲಿನ ದೀಪ ಆರಿದೆ, ಕರೆಂಟ್ ಇಲ್ಲ ಎಂದು ನಂಬಿ ಒಂದು ಮಧ್ಯಾಹ್ನ ತಂತಿ ಮುಟ್ಟಿದರು. ಬಲಗೈಯ ಎರಡು ಬೆರಳು ಹೋದವು. ಮಗಳು ಆಗ ಐದನೇ ಕ್ಲಾಸು. ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಆಸ್ಪತ್ರೆಯ ಮಂಚದ ಮೇಲೆಯೇ ಪಾಠ ಹೇಳಿದ್ದರು: "ದೀಪ ಸಾಕ್ಷಿ ಅಲ್ಲ ಕಣೇ ಮಗಾ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು." ಅಮ್ಮ ತೀರಿಕೊಂಡ ಮೇಲೆ ಅವರು ಅವಳ ಎರಡು ಕೋಣೆಯ ಮನೆಗೇ ಬಂದರು. ಕಿಟಕಿಯ ಪಕ್ಕ ಕೂತು, ಉಳಿದ ಮೂರು ಬೆರಳಲ್ಲಿ ಅಕ್ಕಪಕ್ಕದವರ ಕೆಟ್ಟ ರೇಡಿಯೋ, ಫ್ಯಾನು ರಿಪೇರಿ ಮಾಡಿಕೊಡುತ್ತಿದ್ದರು.

ಅವಳ ಕೆಲಸ ಸ್ವಿಚ್‌ಗಳಿಗೆ ಡ್ರೈವರ್ ಬರೆಯುವುದು. ಡ್ರೈವರ್ ಎಂದರೆ ಸ್ವಿಚ್ಚಿನ ಒಳಗಿನ ಚಿಪ್ಪಿನ ಪರವಾಗಿ ಮಾತಾಡುವ ಪ್ರೋಗ್ರಾಮು. ಯಾವ ಪೋರ್ಟಿನ ಕೇಬಲಿನ ಆ ತುದಿಯಲ್ಲಿ ಜೀವ ಇದೆ, ಯಾವುದರಲ್ಲಿ ಇಲ್ಲ ಎಂದು ಗಳಿಗೆ ಗಳಿಗೆಗೂ ಕೇಳಿ ತಿಳಿದು, ದೀಪ ಹಚ್ಚುವುದು, ಆರಿಸುವುದು ಅದರ ಕೆಲಸ. ಆದರೆ ಪ್ರತಿ ಸ್ವಿಚ್ಚಿನಲ್ಲೂ ಒಂದು ಒಳ ಪೋರ್ಟ್ ಇರುತ್ತದೆ. ಅದಕ್ಕೆ ಕೇಬಲ್ ಇಲ್ಲ, ಬೋರ್ಡಿನ ಮೇಲೆಯೇ ಬೆಸೆದುಹೋಗಿರುತ್ತದೆ. ಜೀವ ಇದೆಯೇ ಎಂದು ಕೇಳಿದರೆ ಉತ್ತರ ಕೊಡುವವರು ಅಲ್ಲಿ ಯಾರೂ ಇಲ್ಲ. ಅದಕ್ಕಾಗಿ ಡ್ರೈವರಿನಲ್ಲಿ ಒಂದು ಸಾಲು ಬರೆಯಬೇಕು: ಈ ಪೋರ್ಟನ್ನು ಕೇಳಬೇಡ, ಯಾವಾಗಲೂ ಜೀವ ಇದೆ ಎಂದೇ ಇಟ್ಟುಕೋ. ಬಲವಂತದ ಜೀವ. ಅದು ಸುಳ್ಳಲ್ಲ, ಬೇರೆ ದಾರಿಯಿಲ್ಲದ್ದಕ್ಕೆ ಮಾಡಿದ ಏರ್ಪಾಡು.

ಹದಿನೈದು ವರ್ಷ ಅವರ ಕಂಪನಿಯ ಸ್ವಿಚ್‌ಗಳಲ್ಲಿ ಆ ಒಳ ಪೋರ್ಟ್ ಎಂಟನೆಯದಾಗಿತ್ತು. ಹೊಸ ಮಾದರಿಯಲ್ಲಿ ಚಿಪ್ ಬದಲಾಯಿತು. ಒಳ ಪೋರ್ಟ್ ಒಂಬತ್ತನೆಯದಾಯಿತು, ಎಂಟನೆಯದು ಉಳಿದವುಗಳಂತೆ ಕೇಬಲ್ ಸಿಕ್ಕಿಸುವ ಪೋರ್ಟಾಗಿ ಹೊರಗೆ ಬಂತು. ಅವಳು ಹಳೆಯ ಡ್ರೈವರನ್ನೇ ತೆಗೆದುಕೊಂಡು ಒಂಬತ್ತಕ್ಕೆ ಹೊಸ ಸಾಲು ಸೇರಿಸಿದಳು. ಎಂಟರ ಹಳೆಯ ಸಾಲು ಅಲ್ಲೇ ಉಳಿಯಿತು. ಪರೀಕ್ಷೆಯ ದಿನ ಎಂದಿನಂತೆ ಕೇಬಲ್ ಕಿತ್ತಳು. ಒಂದು, ಎರಡು, ಏಳರವರೆಗೆ. ಏಳಾದ ಮೇಲೆ ಕೈ ತಾನಾಗಿಯೇ ನಿಂತಿತು. ಹದಿನೈದು ವರ್ಷದಿಂದ ಅದು ಅಲ್ಲೇ ನಿಲ್ಲುತ್ತಿತ್ತು.

ಒಂದು ವರ್ಷದ ನಂತರ ಮ್ಯಾನೇಜರ್ ಒಂದು ಹಾಳೆ ಹಿಡಿದು ಅವಳ ಮೇಜಿಗೆ ಬಂದ. ಅವಳಿಗಿಂತ ಚಿಕ್ಕವನು, ಕೆಟ್ಟವನೇನಲ್ಲ.

"ಅಕ್ಕ, ಒಂದು ಸೈನ್ ಬೇಕಿತ್ತು. ಆ ಕೋಲ್ಡ್ ಸ್ಟೋರೇಜ್ ಕೇಸು."

ಕೋಲ್ಡ್ ಸ್ಟೋರೇಜಿನಲ್ಲಿ ವಿಷಾನಿಲ ಸೋರಿ ಹಮಾಲನೊಬ್ಬ ಸತ್ತದ್ದನ್ನು ಅವಳು ಪತ್ರಿಕೆಯಲ್ಲಿ ಓದಿದ್ದಳು. ಅಲ್ಲಿದ್ದದ್ದು ತಮ್ಮ ಸ್ವಿಚ್ ಎಂದು ಗೊತ್ತಿರಲಿಲ್ಲ. ಅನಿಲ ಸೋರಿದರೆ ಪತ್ತೆ ಮಾಡುವ ಯಂತ್ರದಿಂದ ಸ್ವಿಚ್ಚಿಗೆ ಒಂದು ಕೇಬಲ್. ಕೇಬಲ್ ತುಂಡಾದರೆ ಕಾವಲು ಕೋಣೆಯ ಪರದೆಯಲ್ಲಿ ಕೆಂಪು ಬರಬೇಕು, ಬಂದರೆ ಯಾರೂ ಒಳಗೆ ಹೋಗುವುದಿಲ್ಲ. ಕೇಬಲನ್ನು ಇಲಿ ಕಡಿದಿತ್ತು. ಕೆಂಪು ಬಂದಿರಲಿಲ್ಲ.

ಕೇಬಲ್ ನೋಡಿಕೊಳ್ಳುವ ಫಿಟ್ಟರನ ಹೇಳಿಕೆ ಹಾಳೆಗೆ ಲಗತ್ತಾಗಿತ್ತು. *ಬೆಳಿಗ್ಗೆ ಏಳಕ್ಕೆ ರೌಂಡಿಗೆ ಹೋದೆ. ಎಂಟೂ ದೀಪ ಉರಿಯುತ್ತಿದ್ದವು. ನೋಡಿಯೇ ಬುಕ್ಕಿನಲ್ಲಿ ಗುರುತು ಹಾಕಿದೆ.* ರೌಂಡಿಗೇ ಹೋಗದೆ ಗುರುತು ಹಾಕಿದ್ದಾನೆ ಎಂದು ಅವನನ್ನು ಕೆಲಸದಿಂದ ತೆಗೆದಿದ್ದರು. ಪೊಲೀಸ್ ಕೇಸೂ ಆಗಿತ್ತು. ಅವಳು ಸಹಿ ಮಾಡಬೇಕಾಗಿದ್ದದ್ದು ಒಂದೇ ವಾಕ್ಯಕ್ಕೆ: ಕೇಬಲ್ ತುಂಡಾಗಿದ್ದರೆ ದೀಪ ಉರಿಯಲು ಸಾಧ್ಯವಿಲ್ಲ.

"ಯಾವ ಪೋರ್ಟು?" ಎಂದಳು.

"ಎಂಟು. ಯಾಕೆ?"

ಅವಳು ಪೆನ್ನು ಕೆಳಗಿಟ್ಟು ಪರೀಕ್ಷಾ ಕೋಣೆಗೆ ನಡೆದಳು. ಕಪಾಟಿನಲ್ಲಿ ಆ ಮಾದರಿಯ ಸ್ವಿಚ್ ಕೇಬಲ್ ಸಮೇತ ಚಾಲೂ ಆಗಿಯೇ ಇತ್ತು. ಎಂಟನೆಯ ಪೋರ್ಟಿನ ಕೇಬಲ್ ಹಿಡಿದು ಕಿತ್ತಳು.

ದೀಪ ಉರಿಯುತ್ತಲೇ ಇತ್ತು.

ಹಿಂದೆಯೇ ಬಂದಿದ್ದ ಮ್ಯಾನೇಜರ್ ಬಾಗಿಲು ಮುಚ್ಚಿದ.

"ಮುಂದಿನ ಅಪ್‌ಡೇಟಲ್ಲಿ ಸರಿ ಮಾಡಿಬಿಡೋಣ" ಎಂದ. "ಒಂದು ಸಾಲು ತೆಗೆದ್ರೆ ಆಯ್ತಲ್ಲ. ಸೈನ್ ನೀವು ಮಾಡೋದು ಬೇಡ, ನಾನೇ ಮಾಡ್ತೀನಿ. ಅಕ್ಕ, ಇಲ್ಲಿ ನಲವತ್ತು ಜನರ ಅನ್ನ ಇದೆ."

"ಆ ಫಿಟ್ಟರಂದು?"

ಅವನು ಕಿತ್ತ ಕೇಬಲನ್ನು ಮತ್ತೆ ಸಿಕ್ಕಿಸಿದ.

ಮನೆಗೆ ಬಂದಾಗ ಅಪ್ಪ ಯಾರದೋ ಫ್ಯಾನು ಬಿಚ್ಚಿಕೊಂಡು ಕೂತಿದ್ದರು. ಚಪ್ಪಲಿಯನ್ನೂ ಬಿಡದೆ ಅವರ ಎದುರು ಕುಕ್ಕರಿಸಿ ಎಲ್ಲ ಹೇಳಿದಳು. ಅಪ್ಪ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ ಕೇಳಿದರು.

"ಏಳು ಕಿತ್ತೆ. ಎಂಟನೇದು ಯಾಕೆ ಬಿಟ್ಟೆ?"

"ಗೊತ್ತಿದೆ ಅಂದ್ಕೊಂಡೆ ಅಪ್ಪ."

"ಹೂಂ. ನಾನೂ ಹಾಗೇ ಅಂದ್ಕೊಂಡಿದ್ದು." ಬಲಗೈ ಎತ್ತಿ ಒಮ್ಮೆ ತಾವೇ ನೋಡಿಕೊಂಡರು. "ನನ್ನ ತಪ್ಪಿಗೆ ನನ್ನ ಬೆರಳು ಹೋಯ್ತು. ಲೆಕ್ಕ ಅಲ್ಲಿಗೆ ಮುಗೀತು. ನಿಂದು ಹಾಗಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾ ಇದಾರೆ, ನೀನು ನೋಡ್ತಾ ಕೂತಿರ್ತೀಯಾ?"

"ಕೆಲಸ ಹೋಗುತ್ತೆ."

"ಹೋಗುತ್ತೆ" ಎಂದರು ಅಪ್ಪ. ಅಷ್ಟು ಹೇಳಿ ಮತ್ತೆ ಫ್ಯಾನಿನ ಕಡೆ ಬಾಗಿದರು.

ಕೋಲ್ಡ್ ಸ್ಟೋರೇಜಿನ ಸಾವಿನ ವಿಚಾರಣೆ ಸೋಮವಾರ ಬೆಳಿಗ್ಗೆ, ಸರ್ಕಾರಿ ಕಟ್ಟಡದ ಎರಡನೇ ಮಹಡಿಯಲ್ಲಿ. ಉದ್ದನೆಯ ಮೇಜು, ಅದರ ಹಿಂದೆ ಅಧಿಕಾರಿ. ಒಂದು ಬೆಂಚಿನ ಮೇಲೆ ಫಿಟ್ಟರ್, ಐವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಹಳೆಯ ಅಂಗಿ. ಗೋಡೆಗಂಟಿದ ಕುರ್ಚಿಯಲ್ಲಿ ಸತ್ತ ಹಮಾಲನ ಹೆಂಡತಿ, ಮಡಿಲಲ್ಲಿ ಕೈಚೀಲ. ಕೀಳಕ್ಕ ಬ್ಯಾಗಿನಿಂದ ಸ್ವಿಚ್ ತೆಗೆದು ಮೇಜಿನ ಮೇಲಿಟ್ಟಳು, ಕರೆಂಟ್ ಕೊಟ್ಟು ಕೇಬಲ್ ಸಿಕ್ಕಿಸಿದಳು, ಎಂಟನೆಯದನ್ನು ಎಲ್ಲರ ಎದುರು ಕಿತ್ತಳು.

"ಇವರು ರೌಂಡಿಗೆ ಹೋಗಿದ್ರು" ಎಂದಳು. "ದೀಪ ಉರೀತಿತ್ತು. ಉರಿಯೋ ಹಾಗೆ ಬರೆದದ್ದು ನಾನು."

ಅಧಿಕಾರಿ ಬರೆದುಕೊಂಡರು. ಫಿಟ್ಟರ್ ಎದ್ದು ಬಂದ. ಕೇಬಲನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಸಿಕ್ಕಿಸಿ, ತಾನೇ ಕಿತ್ತ. ಮತ್ತೊಮ್ಮೆ ಸಿಕ್ಕಿಸಿದ, ಕಿತ್ತ.

"ನಾಲ್ಕು ತಿಂಗಳಾಯ್ತು ಮೇಡಂ" ಎಂದ. "ನಾನು ಆವತ್ತು ಹೋಗಿದ್ನೋ ಇಲ್ವೋ ಅಂತ ನನಗೇ ಅನುಮಾನ ಬಂದುಬಿಟ್ಟಿತ್ತು. ಹೆಂಡತಿ ಹತ್ರ ಹೋಗಿರಲಿಲ್ಲ ಅಂತ ಒಪ್ಕೊಂಡೂ ಬಿಟ್ಟಿದ್ದೆ."

ಅವನ ಮುಖದಲ್ಲಿ ಗೆಲುವಿರಲಿಲ್ಲ. ಬೆಂಚಿಗೆ ಹಿಂತಿರುಗಿ, ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂತ.

ಆಗ ಗೋಡೆಯ ಪಕ್ಕದಿಂದ ಹಮಾಲನ ಹೆಂಡತಿ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ್ದನ್ನು ಕೇಳಿ ತಿಳಿದುಕೊಳ್ಳುವವಳ ದನಿ.

"ಇದನ್ನ ಹೀಗೆ ಕಿತ್ತು ನೋಡಿದ್ರೆ, ಆವಾಗಲೇ ಗೊತ್ತಾಗ್ತಿತ್ತಾ ತಾಯಿ?"

"ಗೊತ್ತಾಗ್ತಿತ್ತು."

"ಎಷ್ಟು ಹೊತ್ತು ಹಿಡಿಯುತ್ತೆ ಅದಕ್ಕೆ?"

ಕೀಳಕ್ಕ ಅವಳ ಕಡೆಗೆ ತಿರುಗಿದಳು.

"ಮೂರು ಸೆಕೆಂಡು" ಎಂದಳು.

ಆ ಹೆಂಗಸು ತಲೆಯಾಡಿಸಿದಳು. ಕೈಚೀಲವನ್ನು ಹೆಗಲಿಗೆ ಹಾಕಿಕೊಂಡು, ಯಾರ ಅಪ್ಪಣೆಗೂ ಕಾಯದೆ, ಮೆಟ್ಟಿಲಿಳಿದು ಹೋದಳು. ಮೇಜಿನ ಮೇಲೆ ಎಂಟನೆಯ ದೀಪ ಉರಿಯುತ್ತಲೇ ಇತ್ತು. ಸ್ವಿಚ್ಚಿನ ಕರೆಂಟ್ ತೆಗೆಯಬೇಕೆಂಬುದು ತುಂಬ ಹೊತ್ತು ಯಾರಿಗೂ ಹೊಳೆಯಲಿಲ್ಲ.