ಸ್ಟೆಪ್ನಿ ಮತ್ತು ಹೆಂಡತಿಯ ಕಾಲು

ಆರಡಿ ಉದ್ದದ ಹಾಸಿಗೆಯಲ್ಲಿ ನಾಲ್ಕು ಅಡಿ ಮಾತ್ರ ನನ್ನ ಹೆಂಡತಿಯದು. ಉಳಿದದ್ದು ಸ್ಟೆಪ್ನಿಯದು. ಎರಡು ವರ್ಷ ನಾವು ಹೀಗೆಯೇ ತಿರುಗಾಡಿದೆವು.

ಹಾಸಿಗೆ ಇರುವುದು ಮನೆಯಲ್ಲಲ್ಲ, ಗಾಡಿಯಲ್ಲಿ. ಹಳೆಯದೊಂದು ಪಿಕಪ್ ಕೊಂಡು, ಅದರ ಬೆನ್ನ ಮೇಲೆ ತಳೇಗಾಂವದ ಒಂದು ಶೆಡ್ಡಿನಲ್ಲಿ ತಗಡಿನ ಕೋಣೆ ಮಾಡಿಸಿದ್ದೆ. ಒಂದು ಹಾಸಿಗೆ, ಒಂದು ಒಲೆ, ಎರಡು ಕಿಟಕಿ, ಹಿಂದೆ ಒಂದು ಬಾಗಿಲು. ಐವತ್ತು ದಾಟಿದವನಿಗೆ ಹುಚ್ಚು ಹಿಡಿದಿದೆ ಎಂದು ನಮ್ಮ ವಸತಿ ಸೊಸೈಟಿಯವರು ತಿಳಿದರು. ನಿಜವಾದ ಕಾರಣ ಹೆಂಡತಿಯ ಸೊಂಟ. ಎರಡು ತಾಸು ಕೂತರೆ ಸಾಕು, ಸೊಂಟದಿಂದ ಹಿಮ್ಮಡಿಯವರೆಗೆ ನರ ಹಿಡಿದುಕೊಳ್ಳುತ್ತದೆ. ಪ್ರಯಾಣ ಬಿಡಬೇಕಿಲ್ಲ, ಆದರೆ ನಡುನಡುವೆ ಗಾಡಿ ನಿಲ್ಲಿಸಿ ಅರ್ಧ ತಾಸು ಕಾಲು ಚಾಚಿ ನೆಟ್ಟಗೆ ಮಲಗಬೇಕು ಎಂದು ಡಾಕ್ಟರು ಹೇಳಿದ್ದರು. ಧಾಬಾದ ಬೆಂಚಿನ ಮೇಲೆ ಆಕೆ ಮಲಗುವವಳಲ್ಲ. ಅದಕ್ಕಾಗಿ ಆ ಕೋಣೆ.

ಆದರೆ ಗಾಡಿಯ ಹೊಟ್ಟೆಯ ಕೆಳಗೆ ಸ್ಟೆಪ್ನಿ, ಎಂದರೆ ಐದನೆಯ ಗಾಲಿ, ತೂಗುಬೀಳುವ ಜಾಗವನ್ನು ನೀರಿನ ಟಾಕಿಗೆ ಕೊಟ್ಟಾಗಿತ್ತು. ಹಿಂದಿನ ಬಾಗಿಲಿಗೆ ಗಟ್ಟಿ ಕೊಂಡಿ ಹಾಕಿ ತೂಗಿಸೋಣ ಎಂದು ಶೆಡ್ಡಿನ ಮಿಸ್ತ್ರಿ ಹೇಳಿದ. ಯಾರಾದರೂ ಕದ್ದರೆ, ಎಂದೆ. ಬೀಗ ಹಾಕೋಣ ಎಂದ. ಕೊಂಡಿ ಮುರಿದರೆ, ಎಂದೆ. ಮುರಿದು, ಹಿಂದೆ ಬರುತ್ತಿರುವ ಬೈಕಿನವನ ಮೇಲೆ ಬಿದ್ದರೆ? ಮಿಸ್ತ್ರಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಸಾಹೇಬ್, ಮಗ ಘರೀಚ ಝೋಪಾ ನಾ" ಎಂದ. ಹಾಗಾದರೆ ಮನೆಯಲ್ಲೇ ಮಲಗಿ ಎಂಬುದು ಅವನ ಮರಾಠಿಯ ಸಾರ. ನಾನು ಸ್ಟೆಪ್ನಿಯನ್ನು ಹಾಸಿಗೆಯ ಕಾಲ್ದೆಸೆಯಲ್ಲಿ ಮಲಗಿಸಿ, ಮೇಲೊಂದು ಕೌದಿ ಹೊದಿಸಿದೆ.

ಸ್ಟೆಪ್ನಿಯಿಲ್ಲದೆ ಹೊರಡಬಾರದೆಂಬುದು ನನಗೆ ತತ್ವವಲ್ಲ, ಪೆಟ್ಟು ತಿಂದು ಕಲಿತದ್ದು. ನಮ್ಮ ನಿಶ್ಚಯಕ್ಕೆಂದು ನಾನು ಸ್ವಾರಗೇಟಿನಲ್ಲಿ ಹತ್ತಿದ ಬಸ್ಸಿನ ಗಾಲಿ ಸಾತಾರೆಯ ಆಚೆ ಪಂಕ್ಚರ್ ಆಯಿತು. ಸ್ಟೆಪ್ನಿ ಇಳಿಸಿ ನೋಡಿದರೆ ಅದು ಮೊದಲೇ ಪಂಕ್ಚರ್ ಆಗಿತ್ತು. ಧಾರವಾಡದಲ್ಲಿ ಹೆಣ್ಣಿನ ಕಡೆಯವರು ಮಂಡಿಗೆ ಮಾಡಿ ಕಾಯುತ್ತಿದ್ದಾಗ ನಾನು ಉಳ್ಳಾಗಡ್ಡಿ ತುಂಬಿದ ಟೆಂಪೋದ ಮೇಲೆ ಬಂದು ಇಳಿದೆ. ಮಾವನವರು ಇರುವವರೆಗೂ ನನ್ನನ್ನು ಬೇರೆಯವರಿಗೆ ಪರಿಚಯಿಸುವಾಗ ಈ ಕಥೆಯಿಂದಲೇ ಶುರು ಮಾಡುತ್ತಿದ್ದರು.

ಹೀಗಾಗಿ ಸ್ಟೆಪ್ನಿ ಹಾಸಿಗೆಯಲ್ಲಿತ್ತು, ಹೆಂಡತಿ ಮೊಣಕಾಲು ಮಡಚಿಕೊಂಡು ಮಲಗುತ್ತಿದ್ದಳು. ಮಹಾಬಳೇಶ್ವರದಿಂದ ಬಂದ ಮೇಲೆ ನಾಲ್ಕು ದಿನ ಆಕೆಗೆ ಎದ್ದು ನಿಲ್ಲಲಾಗಲಿಲ್ಲ. ಐದನೆಯ ದಿನ ಚಹಾ ಕೊಡುತ್ತಾ, ಜಗಳದ ದನಿಯೂ ಇಲ್ಲದೆ ಹೇಳಿದಳು: "ದಸರೆಕ್ಕ ಹಿಡಕಲ್ ಡ್ಯಾಮಿಗೆ ಹೋಗೂದು ಅಂತ ಮಾತಾಗ್ಯದ, ಅಷ್ಟು ಬರ್ತೀನಿ. ಆಮ್ಯಾಲೆ ನೀವು, ನಿಮ್ಮ ಸ್ಟೆಪ್ನಿ ಇಬ್ರೂ ಹೋಗಿ ಬರ್ರಿ."

ಜಗಳವಾಡಿದ್ದರೆ ನನಗೆ ಉತ್ತರ ಗೊತ್ತಿತ್ತು. ಆಕೆ ದಣಿದು ಹೇಳಿದ್ದಳು. ಮಕ್ಕಳಿಲ್ಲದ ಮನೆ ನಮ್ಮದು. ಆಕೆ ಬರುವುದಿಲ್ಲವೆಂದರೆ ಆ ತಗಡಿನ ಕೋಣೆ ಯಾರಿಗೆ?

ಆಯುಧಪೂಜೆಯ ದಿನ, ಖಂಡೇನವಮಿ, ಬಂತು. ಗಾಡಿಯನ್ನು ಒಳಗೂ ಹೊರಗೂ ತೊಳೆಯಬೇಕೆಂದು ಎಲ್ಲವನ್ನೂ ಹೊರಗೆ ತೆಗೆದೆ. ನಾಲ್ಕು ಗಾಲಿಗಳಿಗೆ ಅರಿಶಿನ ಕುಂಕುಮ ಆದಮೇಲೆ ಐದನೆಯದಕ್ಕೂ ಬೇಕೆಂದು ನಾನೇ ಹಟ ಹಿಡಿದೆ. ಪಾರ್ಕಿಂಗಿನ ಕಂಬಕ್ಕೆ ಸ್ಟೆಪ್ನಿಯನ್ನು ಒರಗಿಸಿ ನಿಲ್ಲಿಸಿದೆವು. ಹೆಂಡತಿ ಹಳದಿ ಚೆಂಡು ಹೂವಿನ ಹಾರ ಹಾಕಿದಳು. ಪೂಜೆಗೆ ಇಟ್ಟದ್ದನ್ನು ಮರುದಿನ ಸಂಜೆ ಬನ್ನಿ ಎಲೆ ಏರಿಸುವವರೆಗೆ ಕದಲಿಸುವುದಿಲ್ಲ ನಮ್ಮ ಮನೆಯಲ್ಲಿ. ಮರುದಿನ ಬನ್ನಿ ಏರಿಸಿದೆವು, ನೆರೆಯವರಿಗೆ ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎಂದೆವು, ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಹೊರಟೆವು.

ಹೊರಡುವ ಮುಂಚೆ ಪಟ್ಟಿ ಹಿಡಿದು ಎಲ್ಲವನ್ನೂ ತಾಳೆ ನೋಡಿದ್ದೆ. ಚಾಕಣದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ನನ್ನ ಕೆಲಸವೇ ತಪಾಸಣೆ. ಪಟ್ಟಿಯಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲವೆಂದು ತಿಳಿಯಿರಿ ಎಂದು ಹೊಸದಾಗಿ ಸೇರಿದವರಿಗೆ ಪಾಠ ಹೇಳುವವನು ನಾನು. ಗಾಡಿಯ ಪಟ್ಟಿಯಲ್ಲಿ ನಲವತ್ತೊಂದು ವಸ್ತುಗಳಿವೆ. ಸೂಜಿ-ದಾರ ಇದೆ, ಎರಡನೆಯ ಲೈಟರ್ ಇದೆ, ಜಾಕ್ ಕೂಡ ಇದೆ.

ಖಂಬಾಟಕಿ ಘಾಟ್ ದಾಟಿ ಒಂದು ಧಾಬಾದ ಹತ್ತಿರ ನಿಲ್ಲಿಸಿದೆ. ಹೆಂಡತಿ ಹಿಂದೆ ಹೋಗಿ ಮಲಗಿದಳು. ಚಹಾ ಒಯ್ದು ಬಾಗಿಲು ತೆಗೆದೆ. ಆಕೆ ಕಣ್ಣು ಮುಚ್ಚಿದ್ದಳು. ಎರಡೂ ಕಾಲು ನೆಟ್ಟಗೆ ಚಾಚಿದ್ದವು, ಅಂಗಾಲು ಬಾಗಿಲ ಪಕ್ಕದ ಹಿಂದಿನ ತಗಡಿಗೆ ತಾಗಿತ್ತು. ಎಷ್ಟು ಚೆನ್ನಾಗಿ ಮಲಗಿದ್ದಾಳೆ ಎಂದು ಒಂದು ಗಳಿಗೆ ಸಮಾಧಾನವಾಯಿತು. ಆಮೇಲೆ, ಕಾಲು ಅಲ್ಲಿಯವರೆಗೆ ಹೋಗಿದ್ದು ಹೇಗೆ ಎಂದು ಹೊಳೆಯಿತು. ಚಹಾ ಕೆಳಗಿಟ್ಟು ಹಾಸಿಗೆಯ ಕೆಳಗೆ ಬಗ್ಗಿ ನೋಡಿದೆ.

ಈ ಪೂಜೆಗೆ ಮುಂಚೆ ಸ್ಟೆಪ್ನಿ ಯಾವತ್ತೂ ಗಾಡಿಯಿಂದ ಇಳಿದದ್ದೇ ಇರಲಿಲ್ಲ. ಹಾಗಾಗಿ ಅದು ಪಟ್ಟಿಯಲ್ಲಿ ಇರಲಿಲ್ಲ.

"ಈಗ ನೋಡಿದ್ರೇನು?" ಎಂದಳು, ಕಣ್ಣು ತೆಗೆಯದೆ.

"ನಿನಗ ಗೊತ್ತಿತ್ತ?"

"ಗೇಟ್ ದಾಟೂಮುಂದ ಕಂಡ್ತು. ಕಂಬದ ಬಾಜೂಕ ಹಾರ ಹಾಕ್ಕೊಂಡು ಕುಂತಿತ್ತು, ಮದುಮಗನ ಹಂಗ."

"ಹೇಳಬೇಕಿಲ್ಲೇನು?"

"ಹೇಳಿದ್ರ ಒಳಗ ಹಾಕ್ತಿದ್ರಿ."

ತಿರುಗಿ ಹೋಗಿ ತರೋಣವೇ ಎಂಬ ಮಾತು ಬಾಯಿಯವರೆಗೆ ಬಂತು. ಆಕೆಯ ಕಾಲುಗಳನ್ನು ನೋಡಿ ನುಂಗಿಕೊಂಡೆ. ಆದರೆ ದಾರಿಯಲ್ಲಿ ಕಂಡ ಪಂಕ್ಚರ್ ಅಂಗಡಿಗಳಲ್ಲೆಲ್ಲ ಗಾಳಿ ನೋಡಿಸಿದೆ. ಕರಾಡದಲ್ಲಿ ಟೈರು ಬಿಸಿಯಾಗಿ ಗಾಳಿ ಹೆಚ್ಚು ತೋರಿಸಿತು, ತೆಗೆಸಿದೆ. ಮುಂದೆ ಆರಿದಾಗ ಕಡಿಮೆ ಎನಿಸಿತು, ಹಾಕಿಸಿದೆ. ಕೊಲ್ಹಾಪುರದ ಹತ್ತಿರದ ಅಂಗಡಿಯವನು ಗಾಡಿ ನಿಮ್ಮದೋ ಬಾಡಿಗೆಯದೋ ಎಂದು ಅನುಮಾನದಿಂದ ಕೇಳಿದ. ಟ್ರಕ್ಕುಗಳಷ್ಟೇ ಅಲ್ಲ, ಕಬ್ಬಿನ ಟ್ರ್ಯಾಕ್ಟರುಗಳೂ ನಮ್ಮನ್ನು ಹಿಂದೆ ಹಾಕಿದವು. ಏಳು ತಾಸಿನ ದಾರಿಗೆ ಹನ್ನೊಂದು ತಾಸು ಹಿಡಿಯಿತು. ಗಾಲಿಗಳಿಗೆ ಏನೂ ಆಗಲಿಲ್ಲ. ನನ್ನ ಕುತ್ತಿಗೆ ಹಿಡಿದು, ಎಡಕ್ಕೆ ಹೊರಳದಾಯಿತು.

ಮರುದಿನ ಬೆಳಿಗ್ಗೆ ಹಿಡಕಲ್ ಹಿನ್ನೀರಿನ ದಂಡೆಯಲ್ಲಿ ನಾನು ನಾಲ್ಕೂ ಟೈರುಗಳ ಸುತ್ತ ಬಗ್ಗಿ ನೋಡುತ್ತಿದ್ದಾಗ ಹೆಂಡತಿ ಕೆಳಗಿಳಿದು ಬಂದಳು. ನಡಿಗೆಯಲ್ಲಿ ಕುಂಟು ಇರಲಿಲ್ಲ. ಈ ದಂಡೆಗೆ ಹುಡುಗಿಯಾಗಿದ್ದಾಗ ಬುತ್ತಿ ಕಟ್ಟಿಕೊಂಡು ಬರುತ್ತಿದ್ದವಳು, ಒಂದು ಸುತ್ತು ನಡೆದು ಬಂದು ಕಲ್ಲಿನ ಮೇಲೆ ಕೂತಳು.

"ನಾ ಏನೋ ಕಾಲು ಚಾಚಿದೆ," ಎಂದಳು. "ನೀವು ನಿನ್ನಿಯಿಂದ ಒಮ್ಮಿನೂ ಉಸುರು ಬಿಟ್ಟಿಲ್ರಿ. ಹಿಂಗ ಬರೂದಾದ್ರ ಇದೂ ಬ್ಯಾಡ ನನಗ."

ಮಿಸ್ತ್ರಿ ಹೇಳಿದ್ದನ್ನು ಆಕೆಗೆ ನಾನು ಎಂದೂ ಹೇಳಿರಲಿಲ್ಲ. ಎರಡು ವರ್ಷದ ಹಿಂದಿನ ಮಾತು, ಬಾಗಿಲಿಗೆ ತೂಗಿಸಬಹುದಂತೆ, ನಾನೇ ಬೇಡವೆಂದೆ, ಕದ್ದುಬಿಡುತ್ತಾರೆಂದು. ತಪ್ಪೊಪ್ಪಿಕೊಳ್ಳುವವನ ಹಾಗೆ ನೆಲ ನೋಡುತ್ತಾ ಎಲ್ಲವನ್ನೂ ಹೇಳಿದೆ. ಬೈಗುಳ ಬರುತ್ತದೆಂದು ಕಾದೆ. ಎರಡು ವರ್ಷ ಮಡಚಿದ ಕಾಲಿನ ಲೆಕ್ಕದಲ್ಲಿ ಅದು ನ್ಯಾಯವೇ ಆಗಿತ್ತು.

ಆಕೆ ನೀರಿನ ಕಡೆ ನೋಡುತ್ತಾ, "ಕದ್ರ ಕದೀಲಿ ಬಿಡ್ರಿ," ಎಂದಳು. "ಕಳ್ಳನೂ ಪಾಪ, ಎಲ್ಲೆ ಇಟ್ಕೋತಾನ ಅದನ್ನ. ಅವನ ಹೆಂಡ್ತಿನೂ ಕಾಲು ಮಡಚಿ ಮಲಗಬೇಕಾಗ್ತದ."

ಹಿಂದಿರುಗಿದಾಗ ಸ್ಟೆಪ್ನಿ ಕಂಬದ ಬಳಿಯೇ ಇತ್ತು. ಹೂವು ಒಣಗಿತ್ತು, ಬನ್ನಿ ಎಲೆ ಹಾಗೇ ಇತ್ತು. ಐದು ದಿನ ಹೊರಗೆ ಇದ್ದರೂ ಯಾರೂ ಮುಟ್ಟಿರಲಿಲ್ಲ. ರವಿವಾರ ತಳೇಗಾಂವಕ್ಕೆ ಹೋದೆವು. ಮಿಸ್ತ್ರಿ ಹಳೆಯದನ್ನು ನೆನಪು ಮಾಡಲಿಲ್ಲ, ಕೊಂಡಿಗೆ ಎಷ್ಟು ಬೋಲ್ಟು ಎಂದಷ್ಟೇ ಕೇಳಿದ. ನಾನು ಎಂಟು ಎಂದೆ. ಅವನು ಹೆಂಡತಿಯ ಮುಖ ನೋಡಿದ, ಆಕೆ ನಾಲ್ಕು ಬೆರಳು ತೋರಿಸಿದಳು. ಆರಕ್ಕೆ ಒಪ್ಪಂದವಾಯಿತು.

ಸಂಕ್ರಾಂತಿಗೆ ಹೊರಟಾಗ ನಾನು ಕರೆಯುವ ಮುಂಚೆಯೇ ಹೆಂಡತಿ ಚೀಲ ತುಂಬಿಕೊಂಡು ಕೆಳಗೆ ನಿಂತಿದ್ದಳು. ಈಗ ಪಟ್ಟಿಯಲ್ಲಿ ನಲವತ್ತೆರಡು ವಸ್ತುಗಳಿವೆ. ಗಾಡಿ ನಿಲ್ಲಿಸಿ ಆಕೆ ಮಲಗಿದಾಗಲೆಲ್ಲ ನಾನು ಹಿಂದೆ ಹೋಗಿ ಬಾಗಿಲಿಗೆ ತೂಗಿದ ಸ್ಟೆಪ್ನಿಯನ್ನು ಎರಡೂ ಕೈಯಿಂದ ಅಲುಗಾಡಿಸಿ ನೋಡುತ್ತೇನೆ. ಬಾಗಿಲು ನಡುಗುತ್ತದೆ. ಒಳಗಿನಿಂದ ಆಕೆ, ಸಾಕು ಎಂಬಂತೆ, ಅಂಗಾಲಿನಿಂದ ತಗಡಿಗೆ ಎರಡು ಸಲ ಬಡಿಯುತ್ತಾಳೆ. ಆಮೇಲೆ ನಾನು ಚಹಾ ಹೇಳಲು ಹೋಗುತ್ತೇನೆ.